ಪುಸ್ತಿಕೆಯಲ್ಲಿ ಇಲ್ಲದ ಲೆಮ್ಯುಯೆಲ್

ಆ ಗುರುವಾರ ನನ್ನ ಗಂಡ ಲೆಮ್ಯುಯೆಲ್ ಮೀನು ಕರಿದ. ಅಕ್ಟೋಬರಿನಲ್ಲಿ ಸ್ಪಾಟ್ ಮೀನು ಕೊಬ್ಬಿರುತ್ತದೆ. ಬೆಳಗ್ಗೆಯೇ ನದಿಕಟ್ಟೆಯ ಮೇಲೆ ನಿಂತು ಹನ್ನೊಂದು ಹಿಡಿದು ತಂದಿದ್ದ. ಜೋಳದ ಹಿಟ್ಟಿನಲ್ಲಿ ಹೊರಳಿಸಿ, ಹಿತ್ತಿಲಿನಲ್ಲಿ ಒಲೆ ಹಚ್ಚಿ ಕರಿದ. ಒಳಗೆ ಕರಿದರೆ ಪರದೆಗೆ ವಾಸನೆ ಹತ್ತುತ್ತದೆ ಎಂದು ನಾನು ಬೈಯುತ್ತಿದ್ದೆ.

ಊಟಕ್ಕೆ ಅವನ ತಂಗಿ ಒಜೆಟ್ಟಾ ಬಂದಳು. ಮೂರು ಬೀದಿ ಆಚೆ ಅವಳ ಮನೆ. ಗಂಡ ಬಿಟ್ಟು ಹೋಗಿ ಇಪ್ಪತ್ತು ವರ್ಷ. ವಾರಕ್ಕೆ ನಾಲ್ಕು ದಿನ ನಮ್ಮ ಮೇಜಿನಲ್ಲೇ ಉಣ್ಣುತ್ತಿದ್ದಳು. ಐದನೆಯ ಮೀನು ತಟ್ಟೆಗೆ ಎಳೆದುಕೊಂಡಾಗ ಲೆಮ್ಯುಯೆಲ್ ಕೇಳಿದ, "ಕ್ಯಾನ್ಸರ್ ಬಂದೋರಿಗೆ ಹಸಿವಾಗಲ್ಲ ಅಂತಾರಲ್ಲ, ನಿಂಗೆ ಯಾರೂ ಹೇಳ್ಲಿಲ್ವಾ?"

"ನಂಗೆ ಬಂದಿದ್ದು ಎದೇಲಿ ಕಣಣ್ಣ, ಹೊಟ್ಟೇಲಿ ಅಲ್ಲ. ಹಾಕು ಇನ್ನೊಂದು."

ಆಮೇಲೆ ನನ್ನ ಕಡೆ ತಿರುಗಿದ. ನಿದ್ದೆ ಬಾರದ ನಾನು ಸೇರಿದ್ದ ನಿದ್ದೆಯ ಪಾಠದ ಮೇಲೆ ಅವನಿಗೆ ದಿನಾ ಒಂದು ತಮಾಷೆ ಬೇಕು. ನಲವತ್ತೊಂದು ವರ್ಷ ಅವನ ಗೊರಕೆಗೆ ಎದ್ದು ಹೋಗದವಳು ಈಗ ಫೋನಿನಲ್ಲಿ ಯಾವುದೋ ಹುಡುಗಿ ಹೇಳಿದಳೆಂದು ಹಾಸಿಗೆ ಬಿಟ್ಟು ಹೋಗುತ್ತಾಳಂತೆ ಎಂದು ತಂಗಿಗೆ ಹೇಳಿದ. ಹೋಗಲಿ ಬಿಡು, ಅವಳಿಗೂ ನಿನ್ನಿಂದ ಬಿಡುವು ಬೇಕು ಎಂದಳು ಒಜೆಟ್ಟಾ. ಮೂವರೂ ನಕ್ಕೆವು. ಅವನು ತಟ್ಟೆ ತೊಳೆದ. ನಾನು ಒರೆಸಿದೆ.

ಮರುದಿನ ಬೆಳಗ್ಗೆ ಲೆಮ್ಯುಯೆಲ್ ಇರಲಿಲ್ಲ.

ಅವನ ಬದುಕನ್ನು ಒಜೆಟ್ಟಾ ಒಂದು ಪುಟದಲ್ಲಿ ಬರೆದಳು. ನಮ್ಮಲ್ಲಿ ಸತ್ತವರಿಗೆ ಪುಸ್ತಿಕೆ ಅಚ್ಚು ಹಾಕಿಸುತ್ತೇವೆ. ಮುಂದೆ ಫೋಟೋ, ಒಳಗೆ ಬದುಕಿನ ಕಥೆ, ಹಾಡುಗಳು, ಪೆಟ್ಟಿಗೆ ಹೊರುವವರ ಹೆಸರು. ಒಜೆಟ್ಟಾ ಕಾಲೇಜು ಮೆಟ್ಟಿಲು ಹತ್ತಿದವಳು. ನಾನು ಒಂಬತ್ತನೇ ಕ್ಲಾಸಿಗೇ ಬಿಟ್ಟವಳು. ಅವಳೇ ಬರೆಯಲಿ ಎಂದರು ಎಲ್ಲರೂ. ಅಚ್ಚಿಗೆ ಹೋಗುವ ಮೊದಲು ಹಾಳೆ ನನ್ನ ಮುಂದೆ ಇಟ್ಟಳು. ನಾನು ಕನ್ನಡಕ ಹುಡುಕಲಿಲ್ಲ. ತಲೆಯಾಡಿಸಿದೆ.

ಆ ಪುಟದಲ್ಲಿ ಇಲ್ಲದ್ದನ್ನು ನಾನು ಹೇಳುತ್ತೇನೆ.

ಸೌತಾಂಪ್ಟನ್ ಕೌಂಟಿಯ ಕಡಲೆಕಾಯಿ ಹೊಲಗಳಲ್ಲಿ ಬೆಳೆದವನು ಅವನು. ಹನ್ನೊಂದಾಗಿದ್ದಾಗ ತಾಯಿ ಸತ್ತಳು. ಒಜೆಟ್ಟಾಗೆ ಒಂಬತ್ತು. ಅಪ್ಪ ಮಿಲ್ಲಿಗೆ ಹೋದ ಮೇಲೆ ಅವಳ ಜಡೆ ಹೆಣೆದು ಶಾಲೆಗೆ ಕಳಿಸುತ್ತಿದ್ದವನು ಲೆಮ್ಯುಯೆಲ್. ಒಂದು ಜಡೆ ಕಿವಿಯ ಮೇಲೆ, ಒಂದು ಕುತ್ತಿಗೆಯ ಹತ್ತಿರ. ನಕ್ಕ ಹುಡುಗರಿಗೆ ಹೊಡೆದು ತಾನೂ ಹಲ್ಲು ಮುರಿಸಿಕೊಂಡ. ಆ ಮುರಿದ ಹಲ್ಲು ಕೊನೆಯವರೆಗೂ ಹಾಗೇ ಇತ್ತು. ಒಜೆಟ್ಟಾ ಇದನ್ನು ಬರೆಯಲಿಲ್ಲ. ಅದು ಅವಳದ್ದೇ ಕಥೆ, ಆದರೂ ಬರೆಯಲಿಲ್ಲ.

ಹತ್ತೊಂಬತ್ತಕ್ಕೆ ಪೋರ್ಟ್ಸ್‌ಮತ್‌ಗೆ ಬಂದು ಹಡಗುಕಟ್ಟೆ ಸೇರಿದ. ಮೂವತ್ತೆಂಟು ವರ್ಷ ಹಡಗಿನ ಹೊಟ್ಟೆಯೊಳಗೆ ಮಲಗಿಕೊಂಡೇ ಬಣ್ಣ ಬಳಿದ. ಕೆಮ್ಮಿದರೆ ಬೂದು ಬಣ್ಣ ಬರುತ್ತಿತ್ತು. ನಾನು ಆಗ ಇಸ್ತ್ರಿ ಅಂಗಡಿಯಲ್ಲಿ ನೌಕಾಪಡೆಯವರ ಬಿಳಿ ಬಟ್ಟೆ ಉಜ್ಜುತ್ತಿದ್ದೆ. ಮಡಿಕೆಯೇ ಇಲ್ಲದ ಒಂದು ಟೈ ತಂದು ಇಸ್ತ್ರಿ ಮಾಡು ಎಂದ. ಮರುವಾರ ಅದೇ ಟೈ ತಂದ. ಮೂರನೆಯ ವಾರ ನಾನೇ ಕೇಳಿದೆ, ಏನು ಬೇಕು ನಿನಗೆ ಎಂದು. ಮದುವೆಯಾದೆವು. ಮಕ್ಕಳಾಗಲಿಲ್ಲ. ಚರ್ಚಿನ ಬಾಗಿಲಲ್ಲಿ ಬಿಳಿ ಕೈಗವಸು ತೊಟ್ಟು ನಿಂತು ಜನರನ್ನು ಕೂರಿಸುವ ಕೆಲಸ ಅವನದು. ಪ್ರಸಂಗದ ನಡುವೆ ತೂಕಡಿಸುವ ಗಂಡಸರ ಹೆಗಲಿಗೆ ಒಂದೇ ಬೆರಳಿನಿಂದ ತಟ್ಟುತ್ತಿದ್ದ. ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದ. ಸಿಕ್ಕಿಬಿದ್ದರೂ ಒಪ್ಪುತ್ತಿರಲಿಲ್ಲ.

ನನಗೆ ಎದೆಯ ಕ್ಯಾನ್ಸರ್ ಬಂದಾಗ ಅವನು ನಿವೃತ್ತನಾಗಿದ್ದ. ಆಪರೇಷನ್ ಆದ ಮೇಲೆ ಪಕ್ಕೆಯಿಂದ ಕೊಳವೆ ಇಳಿಬಿಟ್ಟಿದ್ದರು. ಅದರ ತುದಿಯ ರಬ್ಬರ್ ಬುರುಡೆಯಲ್ಲಿ ಕೀವು ನೀರು ತುಂಬುತ್ತಿತ್ತು. ನನಗೆ ನೋಡಲು ಆಗುತ್ತಿರಲಿಲ್ಲ. ಅವನು ದಿನಕ್ಕೆರಡು ಸಲ ಅದನ್ನು ಅಳೆದು ಫ್ರಿಜ್ಜಿಗೆ ಅಂಟಿಸಿದ ಹಾಳೆಯಲ್ಲಿ ಸೀಸದಕಡ್ಡಿಯಿಂದ ಬರೆದ. ನರ್ಸು ಬಂದು ನೋಡಿ, ಎಲ್ಲಿ ಕಲಿತಿರಿ ಎಂದಳು. ಬಣ್ಣ ಬೆರೆಸೋದೂ ಹೀಗೇನೇ ಎಂದ.

ರೋಗ ಹೋಯಿತು. ನಿದ್ದೆಯೂ ಹೋಯಿತು. ಐದು ವರ್ಷ ನುಂಗಬೇಕಾದ ಗುಳಿಗೆ ಕೊಟ್ಟರು. ಅದಕ್ಕೆ ರಾತ್ರಿ ಮೈಯೆಲ್ಲ ಬೆಂಕಿ. ಅವನು ನಿದ್ದೆಗಣ್ಣಲ್ಲೇ ಎದ್ದು ನನ್ನ ಕೆಳಗೆ ಒಣ ಟವೆಲ್ ಹಾಸಿ ಮತ್ತೆ ಮಲಗಿಬಿಡುತ್ತಿದ್ದ. ನಾನು ಮೂರು ವರ್ಷ ಅವನ ಉಸಿರು ಕೇಳುತ್ತಾ ಬಿದ್ದುಕೊಂಡಿದ್ದೆ. ಹಾಸಿಗೆ ಬಿಟ್ಟು ಏಳಲಿಲ್ಲ. ಜಗಳ ಆಡಿದರೂ ಅದೇ ಹಾಸಿಗೆಯಲ್ಲಿ ಬೆನ್ನು ತಿರುಗಿಸಿ ಮಲಗಬೇಕು ಎಂದು ನಮ್ಮಮ್ಮ ಮದುವೆಯ ದಿನ ಹೇಳಿದ್ದಳು.

ನಿದ್ದೆಯ ಪಾಠಕ್ಕೆ ನನ್ನನ್ನು ಸೇರಿಸಿದವಳು ಒಜೆಟ್ಟಾ. ಚರ್ಚಿನ ಆರೋಗ್ಯ ಸಂಘ ನಡೆಸುವವಳು ಅವಳೇ. ಕ್ಯಾನ್ಸರ್ ಗೆದ್ದ ಕಪ್ಪು ಹೆಂಗಸರಿಗೆಂದೇ ಮಾಡಿದ್ದು, ಆರು ಪಾಠ, ಎಲ್ಲ ಟ್ಯಾಬ್‌ನಲ್ಲೇ, ಎಲ್ಲಿಗೂ ಹೋಗಬೇಕಿಲ್ಲ ಎಂದಳು. ತಾನು ಹಿಂದಿನ ವರ್ಷವೇ ಮುಗಿಸಿದೆ, ಈಗ ಏಳು ಗಂಟೆ ಮಲಗುತ್ತೇನೆ ಎಂದಳು. ನನಗೆ ಈಮೇಲ್ ಇರಲಿಲ್ಲ. ತನ್ನದನ್ನೇ ಹಾಕಿದಳು. ನಮ್ಮ ಮನೆಯ ಟ್ಯಾಬ್‌ನಲ್ಲೂ ಅದನ್ನೇ ತೆರೆದಿಟ್ಟಳು.

ಪಾಠ ಹೇಳುವವರು ನಮ್ಮಂಥವರೇ. ತಲೆಗೆ ಸ್ಯಾಟಿನ್ ಟೋಪಿ ಹಾಕಿ ಮಲಗುವವರು, ಎರಡು ಕಡೆ ಕೆಲಸ ಮಾಡಿದವರು, ಎಲ್ಲರ ಭಾರವನ್ನೂ ಹೊತ್ತು ಮಲಗಲು ಹೋಗುವವರು. ನಾನು ಕಿವಿಗೊಟ್ಟೆ. ವಾರಕ್ಕೊಮ್ಮೆ ಬ್ರಿಯೆಲ್ ಎಂಬ ಹುಡುಗಿ ಫೋನ್ ಮಾಡುತ್ತಿದ್ದಳು. ಕಟ್ಟಳೆ ಮೂರು. ನಡುರಾತ್ರಿಗೆ ಮೊದಲು ಮಲಗಬೇಡಿ. ನಿದ್ದೆ ಬರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಿ, ಕಣ್ಣು ಎಳೆದಾಗ ಬನ್ನಿ. ಬೆಳಗ್ಗೆ ಆರಕ್ಕೆ ಎದ್ದು, ಕಾಫಿಗೂ ಮೊದಲು, ಯಾರ ಜೊತೆಯೂ ಮಾತಾಡುವ ಮೊದಲು, ನಿದ್ದೆ ಡೈರಿ ತುಂಬಿ. ಎಷ್ಟು ಹೊತ್ತು ಮಲಗಿದಿರಿ, ಹೇಗಿತ್ತು, ಏನು ಎಚ್ಚರ ಮಾಡಿತು, ಕೊನೆಗೆ ಬೇರೇನಾದರೂ ಹೇಳುವುದಿದ್ದರೆ ಒಂದು ಚೌಕ.

ಎರಡನೆಯ ಕಟ್ಟಳೆಯನ್ನು ನಾಲ್ಕು ವಾರ ನಾನು ಪಾಲಿಸಲಿಲ್ಲ. ಐದನೆಯ ವಾರ ಬ್ರಿಯೆಲ್ ಗಟ್ಟಿಯಾಗಿ ಹೇಳಿದಳು, ಮಿಸ್ ವರ್ಡೆಲ್, ಎದ್ದು ಹೋಗದಿದ್ದರೆ ಇದು ಕೆಲಸ ಮಾಡುವುದಿಲ್ಲ ಎಂದು. ಅದಕ್ಕೇ ಲೆಮ್ಯುಯೆಲ್ ಆ ದಿನ ತಮಾಷೆ ಮಾಡಿದ್ದು.

ಆ ರಾತ್ರಿ ನಾನು ಎದ್ದು ಹೋದೆ. ಮುಂದಿನ ಕೋಣೆ ಹನ್ನೆರಡು ಹೆಜ್ಜೆ. ಅವನ ಕುರ್ಚಿಯಲ್ಲಿ ಕೂತೆ. ಕುರ್ಚಿಯಲ್ಲಿ ನಿದ್ದೆ ಮಾಡಬಾರದು ಎಂದೂ ಹೇಳಿದ್ದರು. ಮಾಡಿಬಿಟ್ಟೆ. ಎಚ್ಚರವಾದಾಗ ಆರು ಗಂಟೆ. ನಾಲ್ಕು ಗಂಟೆ ಹತ್ತು ನಿಮಿಷ, ನಡುವೆ ಒಮ್ಮೆಯೂ ಎಚ್ಚರವಿಲ್ಲದೆ. ಮೂರು ವರ್ಷದಲ್ಲಿ ಮೊದಲ ಸಲ. ಟ್ಯಾಬ್ ಪಕ್ಕದಲ್ಲೇ ಇತ್ತು. ಡೈರಿ ತುಂಬಿದೆ. ಹೇಗಿತ್ತು ಎಂಬಲ್ಲಿ 'ಬಹಳ ಚೆನ್ನಾಗಿತ್ತು' ಒತ್ತಿದೆ. ಕೊನೆಯ ಚೌಕದಲ್ಲಿ 'ದೇವರಿಗೆ ಸ್ತೋತ್ರ' ಎಂದು ಬರೆದೆ. ಆರು ಗಂಟೆ ನಾಲ್ಕು ನಿಮಿಷ. ಕಾಫಿ ಮಾಡಿಕೊಂಡು ಅವನಿಗೆ ಹೇಳಲು ಹೋದೆ.

ತಣ್ಣಗಿದ್ದ. ಮೂರು ಗಂಟೆಯ ಸುಮಾರಿಗೆ ಹೃದಯ ನಿಂತಿರಬೇಕು ಎಂದರು ಆಮೇಲೆ.

ನಾನು ತಕ್ಷಣ ಯಾರನ್ನೂ ಕರೆಯಲಿಲ್ಲ. ಅವನ ಪಕ್ಕ ಮಲಗಿದೆ. ನೋಡುತ್ತಾ ಇದ್ದೆ. ಎಂಟಾದ ಮೇಲೆ ಆಂಬುಲೆನ್ಸಿಗೆ ಫೋನ್ ಮಾಡಿದೆ. ಅವರು ಬಂದು ಕರೆದುಕೊಂಡು ಹೋದ ಮೇಲೆ, ಒಂಬತ್ತಕ್ಕೆ, ಒಜೆಟ್ಟಾಗೆ ಹೇಳಿದೆ, ನಾನು ಮುಂದಿನ ಕೋಣೆಯಲ್ಲಿ ಮಲಗಿದ್ದನ್ನೂ.

ಶವಸಂಸ್ಕಾರದ ದಿನ ಪಾದ್ರಿಗಳು ಎಂದಿನಂತೆ, ಬದುಕಿನ ಕಥೆಯನ್ನು ಎಲ್ಲರೂ ಮೌನವಾಗಿ ಓದಿಕೊಳ್ಳಿ ಎಂದರು. ಆರ್ಗನ್ ಸಣ್ಣಗೆ ನುಡಿಯುತ್ತಿತ್ತು. ಇನ್ನೂರು ಜನ ತಲೆ ಬಗ್ಗಿಸಿದರು. ನಾನೂ ಕನ್ನಡಕ ಹಾಕಿ ಓದಿದೆ. ಹುಟ್ಟಿದ ಊರು, ಕೆಲಸ, ಚರ್ಚು. ಕೊನೆಯಲ್ಲಿ ಹೀಗಿತ್ತು: ಶುಕ್ರವಾರ ಮುಂಜಾನೆ, ನಿದ್ರೆಯಲ್ಲಿ, ಏಕಾಂಗಿಯಾಗಿ, ತಂದೆಯ ಮನೆಗೆ ತೆರಳಿದರು.

ನಾನು ತಲೆ ಎತ್ತುವಷ್ಟರಲ್ಲಿ ಇನ್ನೂರು ತಲೆಗಳೂ ಎದ್ದಿದ್ದವು. ಎಲ್ಲ ನನ್ನ ಕಡೆ ನೋಡುತ್ತಿದ್ದವು. ಆ ಪುಸ್ತಿಕೆಯನ್ನು ನಮ್ಮ ಜನ ಎಸೆಯುವುದಿಲ್ಲ. ಬೈಬಲಿನೊಳಗೆ ಇಡುತ್ತಾರೆ. ನಮ್ಮಜ್ಜಿಯದು ಇನ್ನೂ ನನ್ನ ಬೈಬಲಿನಲ್ಲಿದೆ. ನಾವೆಲ್ಲ ಸತ್ತ ಮೇಲೂ ಇನ್ನೂರು ಮನೆಗಳಲ್ಲಿ ಆ ಪದ ಇರುತ್ತದೆ. ಹೆಂಡತಿ ಇದ್ದ ಮನೆಯಲ್ಲಿ ಗಂಡ ಒಬ್ಬನೇ ಸತ್ತ ಎಂದು.

ಮಣ್ಣು ಮಾಡಿ ಬಂದು ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಕೂತಾಗ ಒಜೆಟ್ಟಾ ನನ್ನ ಮುಂದೆ ಗೆಣಸಿನ ಪೈ ತಂದಿಟ್ಟಳು. ನಾನು ಅದನ್ನು ಅವಳ ಕಡೆಗೇ ತಳ್ಳಿದೆ.

"ಯಾಕೆ ಬರ್ದೆ ಅದನ್ನ?"

"ಸುಳ್ಳು ಬರ್ದಿದೀನಾ?"

ಸುಳ್ಳಾಗಿದ್ದರೆ ನಾನು ಅಳುತ್ತಿದ್ದೆನೇನೋ. ನಿಜವಾಗಿತ್ತು. ಅದಕ್ಕೇ ಸೇಡು ಬೇಕಾಯಿತು. ಬರೆದ ಕೈಯೇ ಅದನ್ನು ಹೊಡೆದುಹಾಕಬೇಕು, ಚರ್ಚಿನ ಹೆಂಗಸರ ಕಣ್ಣೆದುರೇ. ಅಷ್ಟು ಆಗುವವರೆಗೆ ನಾನು ಸಾಯುವುದಿಲ್ಲ ಎಂದುಕೊಂಡೆ.

ಮೊದಲು ಬ್ರಿಯೆಲ್ ಸಿಕ್ಕಿದಳು. ವಾರದ ಫೋನ್ ಬಂತು. ನಿನ್ನ ಮಾತು ಕೇಳಿ ಎದ್ದು ಹೋದೆ, ಅವನು ಸತ್ತ ಎಂದೆ. ಅವಳು ಸಮರ್ಥನೆ ಮಾಡಿಕೊಂಡರೆ ಕಚ್ಚಿಬಿಡೋಣ ಎಂದು ಕಾದಿದ್ದೆ. "ಹೌದು ಮಿಸ್ ವರ್ಡೆಲ್, ನಾನೇ ಹೇಳಿದ್ದು," ಎಂದಳು. ಆ ಹುಡುಗಿಯ ಮೇಲೆ ಸಿಟ್ಟು ನಿಲ್ಲಲಿಲ್ಲ. ಇನ್ನೊಂದೂ ಇತ್ತು. ಅವಳ ಪಾಠ ಕೆಲಸ ಮಾಡಿತ್ತು. ಗಂಡನನ್ನು ಹೂತ ವಾರದಲ್ಲೂ ನಾನು ಐದು ಗಂಟೆ ಮಲಗಿದೆ. ಮೈಗೆ ನಾಚಿಕೆಯಿಲ್ಲ. ಕಲಿತದ್ದನ್ನು ಮಾಡುತ್ತದೆ. ಮುಂದಿನ ಶನಿವಾರ ಪಾಠಕ್ಕೆ ಸೇರಿದ ನಿಮ್ಮ ಚರ್ಚಿನ ಹೆಂಗಸರೆಲ್ಲ ಟ್ಯಾಬ್‌ನಲ್ಲಿ ಒಟ್ಟಿಗೆ ಸೇರುತ್ತಾರೆ, ಮನಸ್ಸಿದ್ದರೆ ಬನ್ನಿ ಎಂದಳು. ಒಜೆಟ್ಟಾ ಬರುತ್ತಾಳಾ ಎಂದು ಕೇಳಿದೆ. ಬರುತ್ತಾರೆ, ಹೊಸಬರಿಗೆ ಧೈರ್ಯ ಹೇಳಲು ಎಂದಳು.

ಅದರ ಕರೆಯೋಲೆ ಹುಡುಕಲು, ಒಜೆಟ್ಟಾ ಟ್ಯಾಬ್‌ಗೆ ಹಾಕಿಟ್ಟಿದ್ದ ಈಮೇಲ್ ತೆರೆದೆ. ಅಲ್ಲಿಯವರೆಗೆ ಅದರೊಳಗೆ ಇಣುಕಿರಲಿಲ್ಲ. ಡೈರಿ ತುಂಬಿದ ಕೂಡಲೇ ಅದರ ಒಂದು ಪ್ರತಿ ಅಲ್ಲಿಗೆ ಬರುತ್ತಿತ್ತು. ನನ್ನದೂ ಇತ್ತು, ಒಜೆಟ್ಟಾಳದೂ ಇತ್ತು, ಸಾಲಾಗಿ. ಪಾಠ ಮುಗಿದು ವರ್ಷವಾದರೂ ಅವಳು ದಿನಾ ತುಂಬುತ್ತಿದ್ದಳು. ಏಳು ಗಂಟೆಯೂ ಇಲ್ಲ, ಗೀಳು ಗಂಟೆಯೂ ಇಲ್ಲ. ಮೊದಲೆಲ್ಲ ಮೂರು, ಮೂರೂವರೆ. ಅಣ್ಣ ಹೋದ ಮೇಲೆ ಎರಡು, ಒಂದೂ ಐವತ್ತು. ಏನು ಎಚ್ಚರ ಮಾಡಿತು ಎಂಬಲ್ಲಿ ಪ್ರತಿದಿನ ಒಂದೇ ಉತ್ತರ: ಏನೂ ಇಲ್ಲ.

ಮತ್ತೆ ನನ್ನ ಶುಕ್ರವಾರದ್ದು. ಬಹಳ ಚೆನ್ನಾಗಿತ್ತು, ದೇವರಿಗೆ ಸ್ತೋತ್ರ. ಅದು ಅವಳ ಕೈಗೆ ಆರು ಗಂಟೆಗೇ ಸಿಕ್ಕಿದೆ. ಅತ್ತಿಗೆ ಕೊನೆಗೂ ಮಲಗಿದಳು ಎಂದು ಸಂತೋಷವೂ ಪಟ್ಟಿರಬಹುದು. ಒಂಬತ್ತಕ್ಕೆ ನನ್ನ ಫೋನ್ ಹೋಗಿದೆ.

ಯಾಕೆ ಬರೆದಳೆಂದು ಅರ್ಥವಾಯಿತು. ಸಿಟ್ಟು ಇಳಿಯಲಿಲ್ಲ. ಅವಳ ಲೆಕ್ಕಗಳನ್ನೆಲ್ಲ ದೊಡ್ಡ ಅಕ್ಷರದಲ್ಲಿ ಒಂದು ಹಾಳೆಗೆ ಬರೆದುಕೊಂಡೆ.

ಶನಿವಾರ ಹತ್ತು ಗಂಟೆಗೆ ಟ್ಯಾಬ್ ತೆರೆದರೆ ಏಳು ಚೌಕ. ಆರಲ್ಲಿ ಮುಖ, ಒಂದರಲ್ಲಿ ಹಣೆ ಮಾತ್ರ. ಹಣೆ ಮಿಸ್ ಪರ್ಲೀನ್‌ದು. ಎಂಬತ್ತೆರಡು ವಯಸ್ಸು, ಕರುಳಿನ ಕ್ಯಾನ್ಸರ್ ಗೆದ್ದವಳು, ಟ್ಯಾಬ್ ಹಿಡಿಯುವುದನ್ನು ಮಾತ್ರ ಗೆದ್ದಿಲ್ಲ. ಬ್ರಿಯೆಲ್ ಎಲ್ಲರನ್ನೂ ವಿಚಾರಿಸಿದಳು. ಒಜೆಟ್ಟಾ ಚರ್ಚಿಗೆ ಹೋಗುವ ವಿಗ್ ಹಾಕಿ ಕೂತಿದ್ದಳು. ಚರ್ಚಿನಲ್ಲಿ ಸಾಕ್ಷಿ ಹೇಳುವ ದನಿಯಲ್ಲಿ ಶುರು ಮಾಡಿದಳು. ಕಷ್ಟ ಬಂತು, ಅಣ್ಣನನ್ನು ಕಳೆದುಕೊಂಡೆ, ಆದರೂ ಕಲಿತದ್ದನ್ನು ಬಿಡಲಿಲ್ಲ, ಇವತ್ತಿಗೂ ಏಳು ಗಂಟೆ ಮಲಗುತ್ತೇನೆ ಎಂದಳು. ಹೆಂಗಸರು ಆಮೆನ್ ಎಂದರು.

"ಒಂದು ಗಂಟೆ ಐವತ್ತು ನಿಮಿಷ," ಎಂದೆ. "ನಿನ್ನೆದು. ಮೊನ್ನೆದು ಎರಡು. ಅದರ ಹಿಂದಿನದು ಒಂದೂ ನಲವತ್ತು. ಓದ್ಲಾ ಇನ್ನೂ?"

ಬ್ರಿಯೆಲ್, "ಮಿಸ್ ವರ್ಡೆಲ್, ಬೇರೆಯವರ ಡೈರಿ ಇಲ್ಲಿ ಓದೋ ಹಾಗಿಲ್ಲ," ಎಂದಳು.

"ನನ್ನ ಗಂಡ ಹೇಗೆ ಸತ್ತ ಅಂತ ಇನ್ನೂರು ಜನ ಓದಿದಾರೆ. ಇದನ್ನ ಏಳು ಜನ ಕೇಳ್ಲಿ ಬಿಡಮ್ಮ."

ಒಜೆಟ್ಟಾ ಕನ್ನಡಕ ತೆಗೆದಳು. ಕಣ್ಣ ಕೆಳಗೆ ಮಸಿ ಬಳಿದ ಹಾಗಿತ್ತು. ಮೆಲ್ಲಗೆ ಮಾತಾಡಿದಳು.

"ಆರು ಗಂಟೆ ನಾಲ್ಕು ನಿಮಿಷ. ಬಹಳ ಚೆನ್ನಾಗಿತ್ತು. ದೇವರಿಗೆ ಸ್ತೋತ್ರ. ಇದನ್ನ ಬರ್ದಿದ್ದು ಯಾರು ವರ್ಡೆಲ್? ನಮ್ಮಣ್ಣ ಒಳಗೆ ತಣ್ಣಗಾಗಿ ಬಿದ್ದಿದ್ದ."

ಹಣೆ ಮಾತಾಡಿತು. "ನಾನಂತೂ ಆ ಪದ ಅವತ್ತೇ ಬೆಂಚಲ್ಲಿ ಕೂತೇ ಹೊಡೆದುಹಾಕ್ದೆ. ಪೆನ್ನಿರ್ಲಿಲ್ಲ, ಹುಬ್ಬು ತೀಡೋ ಕಡ್ಡಿ ಇತ್ತು. ಪಕ್ಕದೋಳೂ ಇಸ್ಕೊಂಡ್ಲು." ಇನ್ನೊಬ್ಬಳು, ಹೌದು ನಾನೇ ಇಸ್ಕೊಂಡಿದ್ದು ಎಂದಳು.

ನನಗೆ ಅದು ಸಾಲಲಿಲ್ಲ. ಪರ್ಲೀನ್ ಬರೆದದ್ದಲ್ಲ ಅದು.

"ನಿನ್ನ ಬೈಬಲ್ ತಗೊಂಡ್ ಬಾ ಒಜೆಟ್ಟಾ."

"ನಾನು ಸುಳ್ಳು ಬರ್ದಿಲ್ಲ."

"ಬರ್ದಿಲ್ಲ. ಹೊಡಿ ಅದನ್ನ."

ಅವಳು ಎದ್ದು ಹೋದಳು. ಇನ್ನು ಬರುವುದಿಲ್ಲ ಎಂದುಕೊಂಡೆ. ಬಂದಳು. ಬೈಬಲ್ ತೊಡೆಯ ಮೇಲಿಟ್ಟು ಪುಸ್ತಿಕೆ ತೆಗೆದಳು. ಅದರ ಮೂಲೆಗಳು ಆಗಲೇ ಸವೆದಿದ್ದವು. ಪೆನ್ನಿನ ಟೋಪಿ ತೆಗೆದು ಕೈ ನಿಲ್ಲಿಸಿದಳು.

"ಹೊಡೀತೀನಿ. ಅವನು ಹೇಗಿದ್ದ ಅಂತ ಹೇಳು. ಕರ್ಕೊಂಡ್ ಹೋದ್ಮೇಲೆ ನಂಗೆ ಫೋನ್ ಮಾಡ್ದೆ ನೀನು. ಪುಡಿ ಬಳ್ದು ಟೈ ಕಟ್ಟಿದ ಮುಖ ಅಷ್ಟೇ ನಾನು ನೋಡಿದ್ದು. ಅದು ನಮ್ಮಣ್ಣ ಅಲ್ಲ. ನೋವಾಗಿತ್ತಾ ಅವನಿಗೆ? ಕಣ್ಣು ತೆರೆದಿತ್ತಾ? ರಾತ್ರಿಯೆಲ್ಲ ಅದೇ ಕಣೇ."

"ಮೊದ್ಲು ಪೆನ್ನು."

ಮೂರು ಸಲ ಗೀಚಿದಳು. ಹಾಳೆ ಹರಿಯುವ ಹಾಗೆ. ಟ್ಯಾಬ್‌ನ ಹತ್ತಿರ ಹಿಡಿದು ಎಲ್ಲರಿಗೂ ತೋರಿಸಿದಳು. ಆಮೇಲೆ ನನ್ನ ಬಾಯನ್ನೇ ನೋಡುತ್ತಾ ಕೂತಳು.

ನಾನು ಕೆಂಪು ಗುಂಡಿ ಒತ್ತಿ ಹೊರಗೆ ಬಂದೆ.

ಮಧ್ಯಾಹ್ನ ಬಾಗಿಲು ಬಡಿದಳು. ತೆರೆಯಲಿಲ್ಲ. ಭಾನುವಾರ ಚರ್ಚಿನಲ್ಲಿ ನನ್ನ ಹಿಂದಿನ ಬೆಂಚಿನಲ್ಲಿ ಕೂತಳು. ತಿರುಗಲಿಲ್ಲ. ಅವಳು ತೆಳ್ಳಗಾಗಿದ್ದಾಳೆ ಎಂದು ಪರ್ಲೀನ್ ಹೇಳಿದಳು. ಆಗಲಿ ಎಂದೆ. ಆರನೆಯ ಪಾಠ ಮುಗಿಸಿದೆ. ಇನ್ನು ಡೈರಿ ಬರೆಯಬೇಕಿಲ್ಲ ಎಂದಳು ಬ್ರಿಯೆಲ್. ಆದರೆ ಅದು ಇನ್ನೂ ತೆರೆಯುತ್ತದೆ. ನನ್ನದು ಹೋಗಿ ಅವಳ ಈಮೇಲ್‌ಗೆ ಬೀಳುವುದೂ ನಿಂತಿಲ್ಲ. ಅವಳು ನೋಡುತ್ತಾಳೆ. ಅದೇ ಈಮೇಲ್ ನನ್ನ ಟ್ಯಾಬ್‌ನಲ್ಲೂ ಇದೆ, ನೋಡಿದ್ದು ನನಗೆ ಕಾಣುತ್ತದೆ.

ನಾನು ಅವತ್ತು ಎರಡು ಗಂಟೆ ಅವನನ್ನು ನೋಡಿದ್ದೇನೆ. ಹೇಳುವುದು ಬಹಳ ಇದೆ. ಒಂದೇ ಸಲಕ್ಕೆ ಕೊಡಲು ನನಗೆ ಮನಸ್ಸಿಲ್ಲ.

ದಿನಾ ಆರಕ್ಕೆ ಏಳುತ್ತೇನೆ. ಕಾಫಿಗೆ ಮೊದಲು ಟ್ಯಾಬ್ ತೆರೆದು ಎಷ್ಟು ಮಲಗಿದೆನೋ ಅಷ್ಟನ್ನೇ ಒತ್ತುತ್ತೇನೆ. ಕೊನೆಯ ಚೌಕದಲ್ಲಿ ಒಂದು ಸಾಲು, ಅಷ್ಟೇ. ಸೋಮವಾರ, ಬಲಗೈ ದಿಂಬಿನ ಕೆಳಗಿತ್ತು ಎಂದು ಬರೆದೆ. ನಿನ್ನೆ, ಕಣ್ಣು ಮುಚ್ಚಿತ್ತು ಎಂದು. ಇವತ್ತು, ಬಾಯಿ ಸ್ವಲ್ಪ ತೆರೆದಿತ್ತು, ಮುರಿದ ಹಲ್ಲು ಕಾಣುತ್ತಿತ್ತು. ನೋವಿತ್ತೋ ಇಲ್ಲವೋ ಎಂಬುದನ್ನು ಇನ್ನೂ ಬರೆದಿಲ್ಲ. ಅವಳು ಕಾಯಲಿ. ಕಳಿಸು ಎಂಬಲ್ಲಿ ಒತ್ತಿ, ಒಲೆಯ ಮೇಲೆ ನೀರಿಡುತ್ತೇನೆ.